ಓಟಗಾರನಿಗೆ ಹೊದಿಸಿದ ಶಾಲು

"ಬುದ್ಧೀ, ದುಡಿಯಲು ತಂದ ಯಂತ್ರ ಮೈಗಳ್ಳತನ ಮಾಡಿದರೆ ಸುಮ್ಮನಿರಬೇಕೇ?" ಎಂದು ಶಿಷ್ಯ ರೇವಣಸಿದ್ಧ ಗುರುಗಳನ್ನು ಕೇಳಿದ.

ಮಠದ ತಾಳೆಗರಿಗಳಿಗೆ ಹುಳು ಹತ್ತಿತ್ತು. ಅವು ಪುಡಿಯಾಗುವ ಮೊದಲೇ ಅಕ್ಷರಗಳನ್ನು ಲ್ಯಾಪ್‌ಟಾಪಿಗೆ ಇಳಿಸುವ ಹೊಣೆ ಅವನದು. ಗ್ರಂಥಕ್ಕೆ ಸಲ್ಲುವ ಮರ್ಯಾದೆ ಲ್ಯಾಪ್‌ಟಾಪಿಗೂ ಸಲ್ಲಲೆಂದು ಅದನ್ನು ರೇಷ್ಮೆಯ ಮೆತ್ತೆಯ ಮೇಲೆ ಇಟ್ಟಿದ್ದ. ಆದರೂ ಕೆಲಸ ಹಿಡಿದ ಸ್ವಲ್ಪ ಹೊತ್ತಿಗೇ ಒಳಗಿನ ಪ್ರೊಸೆಸರ್ ಬಿಸಿಯೇರುತ್ತಿತ್ತು, ವೇಗ ಇಳಿಯುತ್ತಿತ್ತು. ಓಡಬೇಕಾದದ್ದು ತೆವಳುತ್ತಿತ್ತು. ನೋಡಿ ನೋಡಿ ಅವನಿಗೆ ಮೈಯೆಲ್ಲ ಉರಿದುಹೋಗಿತ್ತು.

"ಲಿನಕ್ಸ್ ತಂತ್ರಾಂಶ ಹಾಕಿದ ಮೇಲೆ ಯಂತ್ರ ನಾವು ಹೇಳಿದಂತೆ ಕೇಳಬೇಕು. ಇದಕ್ಕೆಷ್ಟು ಕೊಬ್ಬು! ಬಿಸಿಯಾದರೆ ನಿಧಾನಿಸುವ ಕಟ್ಟಳೆಯನ್ನೇ ಕಿತ್ತುಹಾಕಲು ಯಂತ್ರಕ್ಕೆ ಕೊಡುವ ಆಜ್ಞೆಯೊಂದು ಸಿಕ್ಕಿದೆ. ತಮ್ಮ ಅಪ್ಪಣೆಯಾದರೆ ಈಗಲೇ ಕೊಡುತ್ತೇನೆ."

ಗುರುಗಳು ಅಪ್ಪಣೆ ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ವರ್ತಕನ ತಾಯಿ ಕಾಯಿಲೆ ಬಿದ್ದಳು. ಮದ್ದು ದೂರದ ಊರಿನಲ್ಲಿತ್ತು. ವರ್ತಕ ಒಬ್ಬ ಓಟಗಾರನನ್ನು ಕರೆಸಿ ದಪ್ಪನೆಯ ಉಣ್ಣೆಯ ಶಾಲು ಹೊದಿಸಿದ. ದೊಡ್ಡಸ್ತಿಕೆಗೇನು ಬರ! "ಇದು ನನ್ನ ಮನೆಯ ಮರ್ಯಾದೆ. ಮೈಮೇಲಿಂದ ತೆಗೆಯಕೂಡದು" ಎಂದ.

ಅದು ಬಿರುಬೇಸಿಗೆ. ಓಟಗಾರ ಮದ್ದು ತಂದ, ಆದರೆ ತಡವಾಗಿ ತಂದ.

"ಯಾಕೆ ತಡ?" ಎಂದು ವರ್ತಕ ಗದರಿದ.

"ಒಡೆಯಾ, ಮೈ ಕಾದಾಗಲೆಲ್ಲ ನೆರಳಿನಲ್ಲಿ ಕೂತೆ. ಕೂತದ್ದರಿಂದಲೇ ಬಂದು ಮುಟ್ಟಿದೆ."

"ಶಾಲು ಹೊದಿಸಿದವನಿಗೇ ಕೂತು ತೋರಿಸುತ್ತೀಯಾ? ಉಂಡ ಮನೆಗೆ ಎರಡು ಬಗೆಯುವವನೇ!"

ಮದ್ದು ಮುಗಿಯಿತು. ಮತ್ತೆ ಕಳಿಸುವಾಗ, ದಾರಿಯಲ್ಲಿ ಎಲ್ಲಿಯೂ ಕೂರುವುದಿಲ್ಲವೆಂದು ವರ್ತಕ ಅವನಿಂದ ಆಣೆ ಹಾಕಿಸಿಕೊಂಡ. ಬಡವ ಆಣೆಗೆ ತಪ್ಪಲಿಲ್ಲ. ಹೋಗುವಾಗಲೂ ಕೂರಲಿಲ್ಲ, ಬರುವಾಗಲೂ ಕೂರಲಿಲ್ಲ. ಊರು ಕಣ್ಣಿಗೆ ಬೀಳುವಷ್ಟರಲ್ಲಿ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಮದ್ದು ಮಣ್ಣುಪಾಲಾಯಿತು. ಮುದುಕಿಯೂ ಉಳಿಯಲಿಲ್ಲ. ಹೆಣದ ಮೇಲೆ ಶಾಲು ಹಾಗೆಯೇ ಇತ್ತು. ವರ್ತಕ ಮಾತ್ರ ಸಾಯುವತನಕ, ಓಟಗಾರ ಕೈಕೊಟ್ಟ ಎಂದೇ ಬಯ್ಯುತ್ತಿದ್ದ.

ರೇವಣಸಿದ್ಧ ತಡೆಯಲಾರದೆ ಸಿಡಿದ. "ಎಂಥ ಕಟುಕ, ಬುದ್ಧೀ! ಇಬ್ಬರ ಜೀವ ತಿಂದು, ಸತ್ತವನನ್ನೇ ಬಯ್ಯುವುದೇ? ಆ ಶಾಲೊಂದನ್ನು ತೆಗೆದಿದ್ದರೆ ಅವನು ಅಷ್ಟು ಸಲ ಕೂರಬೇಕಾಗಿಯೇ ಇರಲಿಲ್ಲ!"

ಗುರುಗಳು ಲ್ಯಾಪ್‌ಟಾಪಿನ ಕಡೆ ನೋಡಿದರು.

"ಇದರ ಗಾಳಿಯ ಕಿಂಡಿಗಳು ಇರುವುದು ತಳದಲ್ಲಲ್ಲವೇನಪ್ಪ, ನಿನ್ನ ರೇಷ್ಮೆಯ ಮೆತ್ತೆಗೆ ಒತ್ತಿಕೊಂಡು?"

ರೇವಣಸಿದ್ಧ ಲ್ಯಾಪ್‌ಟಾಪನ್ನು ಎತ್ತಿ, ಮೆತ್ತೆಯನ್ನು ಪಕ್ಕಕ್ಕೆ ಸರಿಸಿದ.