ಪಡಸಾಲೆ ನಡುವಿನ ಕಂಬ

ಬುಧವಾರ ಮಧ್ಯಾಹ್ನ ಮಠದ ದಾಸೋಹದ ಅಡುಗೆಮನೆಯಲ್ಲಿ ಒಂದು ಗಂಭೀರ ಘಟನೆ ನಡೆಯಿತು. ದಾನಮ್ಮ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದಳು.

ಇಪ್ಪತ್ತೆರಡು ವರ್ಷಗಳಿಂದ ಆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಅವಳು. ನೆನೆಸಿ ತಿನ್ನುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕಡಿದ ಸದ್ದು ಪಕ್ಕದವರಿಗೆ ಕೇಳದಿದ್ದರೆ ಅದೆಂಥ ಊಟ, ಅನ್ನ ಉಣ್ಣಿರಿ ಎನ್ನುತ್ತಿದ್ದಳು. ಆದ್ದರಿಂದ ಸುದ್ದಿ ಬೇಗ ಹರಡಿತು. ಪಂಕ್ತಿ ಏಳುವ ಹೊತ್ತಿಗೆ ಮಠದ ದನ ಕಾಯುವವನಿಗೂ ತಿಳಿದಿತ್ತು. ಅಡುಗೆಮನೆಯ ಹಿರಿಯಳಾದ ಬಸಲಿಂಗವ್ವ ವಿಚಾರಣೆ ನಡೆಸಿದಳು. ಎಡಗಡೆಯ ಕೆಳಗಿನ ದವಡೆ ಹಲ್ಲು ಅಲುಗಾಡುತ್ತಿದೆ, ವಸಡು ಬಾತಿದೆ ಎಂದು ದಾನಮ್ಮ ಒಪ್ಪಿಕೊಂಡಳು. ಭಾನುವಾರ ಪೇಟೆಗೆ ಹೋಗಿ ಕೀಳಿಸಿಕೊಂಡು ಬರುವುದೆಂದು ತೀರ್ಮಾನವಾಯಿತು. ಯಾರೂ ವಿರೋಧಿಸಲಿಲ್ಲ.

ಹಲ್ಲಿನ ವಿಷಯ ಹೀಗೆ ಮುಗಿದ ಮೇಲೆ ಅವರು ದೊಡ್ಡ ವಿಷಯಕ್ಕೆ ಬಂದರು.

ದಾನಮ್ಮನಿಗೆ ಐದು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತು. ಕಳೆದ ವರ್ಷ ಅದು ಸೊಂಟದ ಎಲುಬಿನಲ್ಲೂ ಬೆನ್ನೆಲುಬಿನಲ್ಲೂ ಬಂದು ಕೂತಿದೆ ಎಂದು ತಿಳಿಯಿತು. ಆಸ್ಪತ್ರೆಯವರು ದಿನವೂ ನುಂಗಲು ಗುಳಿಗೆ ಕೊಟ್ಟರು. ಅದರ ಜೊತೆಗೆ ತಿಂಗಳಿಗೊಮ್ಮೆ ಕೈಗೆ ಸೂಜಿ ಚುಚ್ಚಿ ಒಂದು ಬಾಟಲಿ ಏರಿಸುತ್ತಿದ್ದರು. ಗುಳಿಗೆ ರೋಗವನ್ನು ತಡೆಯಲಿಕ್ಕೆ, ಬಾಟಲಿ ಎಲುಬು ಮುರಿಯದಿರಲಿಕ್ಕೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಬಾಟಲಿಯಾದ ಮೇಲೆ ಒಂದೆರಡು ದಿನ ಜ್ವರ ಬರಬಹುದು, ಮೈ ನೋಯಬಹುದು ಎಂದಿದ್ದರು. ನೀರು ಹೆಚ್ಚು ಕುಡಿಯಬೇಕು, ಸುಣ್ಣದಂಶದ ಗುಳಿಗೆ ತಪ್ಪಿಸಬಾರದು, ಹಲ್ಲು ನೋಯಿತೆಂದರೆ ತಮಗೆ ಹೇಳಬೇಕು, ತಮ್ಮನ್ನು ಕೇಳದೆ ಹಲ್ಲು ಕೀಳಿಸಲೇಬಾರದು, ಕೀಳಿಸಿದರೆ ದವಡೆಯ ಗಾಯ ಮಾಯದೆ ಉಳಿಯಬಹುದು ಎಂದೂ ಹೇಳಿದ್ದರು. ಒಂದೇ ದಿನ ಅಷ್ಟು ಮಾತು ಹೇಳಿದ್ದರಿಂದ ದಾನಮ್ಮನ ನೆನಪಿನಲ್ಲಿ ಉಳಿದದ್ದು ಜ್ವರದ ಮಾತೊಂದೇ. ಏಕೆಂದರೆ ಜ್ವರ ಬಂತು.

ಏಳು ಬಾಟಲಿ ಆಗಿದ್ದವು. ಎಂಟನೆಯದು ಸೋಮವಾರ. ಅದಕ್ಕೆ ಹೋಗುವುದೋ ಬಿಡುವುದೋ ಎಂಬುದೇ ದೊಡ್ಡ ವಿಷಯ.

ಬಸಲಿಂಗವ್ವ ಬಿಡುವ ಪಕ್ಷದವಳು. ಮುರಿದ ಎಲುಬಿಗೆ ಔಷಧ ಹಾಕುವುದನ್ನು ಕಂಡಿದ್ದೇನೆ, ಮುರಿಯದ ಎಲುಬಿಗೆ ಹಾಕುವುದನ್ನು ಕಂಡಿಲ್ಲ ಎಂದಳು. ದಾನಮ್ಮನಿಗೆ ಅದು ಸರಿ ಎನಿಸಿತು. ಆದರೆ ಸೊಂಟ ಮುರಿದರೆ ಒಲೆಯ ಮುಂದೆ ಕೂರುವುದು ಅಲ್ಲಿಗೆ ಮುಗಿಯಿತು ಎಂಬುದೂ ಅವಳಿಗೆ ಗೊತ್ತಿತ್ತು. ರೊಟ್ಟಿ ಬಡಿಯದ ದಾನಮ್ಮ ಎಂದರೆ ಯಾರು ಎಂದು ಅವಳಿಗೇ ಹೊಳೆಯಲಿಲ್ಲ. ಸಂಜೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಗುರುಗಳ ಹತ್ತಿರ ಹೋದಳು. ಗುರುಗಳನ್ನು ಊರಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು.

"ಅಜ್ಜಾರ, ಕಾಯೋ ಔಷಧಾನ ಕಾಡಾಕ ಹತ್ತಿದ್ರ ಅದನ್ನ ಇಟ್ಕೋಬೇಕೋ, ಬಿಡಬೇಕೋ?"

ಏನು ಕಾಡುತ್ತದೆ ಎಂದು ಅಜ್ಜಾರು ಕೇಳಿದರು. ದಾನಮ್ಮ ಪಟ್ಟಿ ತಂದಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ, ಒಂದೊಂದು ಬಾಟಲಿಗೆ ಒಂದೊಂದು ಹಾಳೆಯಂತೆ ಬರೆದಿದ್ದಳು. ಜ್ವರ, ಚಳಿ, ಕೀಲು ನೋವು, ತಲೆ ಭಾರ, ಬಾಯಿಗೆ ರುಚಿ ಇಲ್ಲ, ಮತ್ತೆ ಜ್ವರ. ಆಸ್ಪತ್ರೆಯ ಫ್ಯಾನು ಸದ್ದು ಮಾಡುತ್ತದೆ ಎಂಬುದೂ ಮೂರನೆಯ ಹಾಳೆಯಲ್ಲಿತ್ತು. ಎಲ್ಲವನ್ನೂ ಓದಿದಳು. ಅಜ್ಜಾರು ಎಲ್ಲವನ್ನೂ ಕೇಳಿದರು. ಕೊನೆಗೆ, ಅದು ಈಗಾಗಲೇ ಮುಗಿದ ವಿಷಯವಾದ್ದರಿಂದ, ಒಂದು ಹಲ್ಲು ಅಲುಗಾಡುತ್ತಿದೆ, ಭಾನುವಾರ ಕೀಳಿಸಿಕೊಂಡು ಬರುತ್ತೇನೆ ಎಂದು ಬಾಯಿಮಾತಿನಲ್ಲಿ ಸೇರಿಸಿದಳು.

"ಇದನ್ನೆಲ್ಲಾ ಡಾಕ್ಟರಗ ಹೇಳೀಯೇನು?"

"ಜ್ವರಾ ಹೇಳೇನ್ರಿ. ಹೋದಾಗೊಮ್ಮೆ ಹೇಳೇನಿ. ಗುಳಿಗಿ ತಗೋ, ನೀರ ಕುಡಿ ಅಂತಾರ, ಅಷ್ಟ."

ಹಲ್ಲಿನ ಬಗ್ಗೆ ಡಾಕ್ಟರು ತಾವಾಗಿಯೇ ಕೇಳಿದ್ದರು. ಆಗ ಅವಳು ಏನೂ ಇಲ್ಲ ಎಂದಿದ್ದಳು. ಕ್ಯಾನ್ಸರ್ ಡಾಕ್ಟರ ಮುಂದೆ ಹಲ್ಲುನೋವು ಹೇಳುವುದು ತಹಶೀಲ್ದಾರರ ಕಚೇರಿಗೆ ಹೋಗಿ ಮನೆಯ ನಲ್ಲಿ ಸೋರುತ್ತಿದೆ ಎಂದ ಹಾಗೆ ಎಂದು ಅವಳ ಭಾವನೆ. ಅದನ್ನು ಅವಳು ಅಜ್ಜಾರಿಗೆ ಹೇಳಲಿಲ್ಲ. ಅಜ್ಜಾರೂ ಕೇಳಲಿಲ್ಲ. ಅವರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನದು ಮಣ್ಣಿನ ಮಾಳಿಗೆಯ ಮನೆ, ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಾವಣಿ. ಒಂದು ವರ್ಷ ಪಡಸಾಲೆಯ ತೊಲೆಗೆ ಗೆದ್ದಲು ಹಿಡಿಯಿತು. ಅವನು ಬಡಿಗನನ್ನು ಕರೆಸಿದ. ಬಡಿಗ ತೊಲೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಗೆದ್ದಲಿಗೆ ಎಣ್ಣೆ ಕೊಟ್ಟ, ದಿನವೂ ಹಚ್ಚು ಎಂದ. ಎಣ್ಣೆ ಗೆದ್ದಲನ್ನು ತಡೆಯುತ್ತದೆ, ತಿಂದು ಹೋದ ಮರವನ್ನು ತುಂಬುವುದಿಲ್ಲ ಎಂದು ಹೇಳಿ ತೊಲೆಯ ಕೆಳಗೆ, ಪಡಸಾಲೆಯ ನಟ್ಟನಡುವೆ, ಒಂದು ಕಂಬ ನಿಲ್ಲಿಸಿ ಹೋದ.

ಕಂಬ ವ್ಯಾಪಾರಿಗೆ ಹೊಂದಲಿಲ್ಲ. ಮೊದಲ ದಿನವೇ ಹಣೆಗೆ ಬಡಿಯಿತು. ಮರುದಿನ ಭುಜಕ್ಕೆ ತಾಗಿತು. ಹಾಸಿಗೆಯನ್ನು ನೆಟ್ಟಗೆ ಹಾಸಲಾಗಲಿಲ್ಲ. ಬಂದ ನೆಂಟರು ಇದೇನು ಎಂದು ಕೇಳಿದರು. ಅವನ ಹೆಂಡತಿ ಎರಡನೆಯ ವಾರಕ್ಕೆ ಆ ಕಂಬಕ್ಕೊಂದು ಮೊಳೆ ಹೊಡೆದು ಚೀಲ ತೂಗುಹಾಕಿದಳು. ವ್ಯಾಪಾರಿ ಮಾತ್ರ ಲೆಕ್ಕದ ಮನುಷ್ಯ. ಬಡಿದಾಗೊಮ್ಮೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದ. ವರ್ಷದ ಕೊನೆಗೆ ಐವತ್ತೊಂದು ಗೆರೆಗಳಾದವು. ಇಷ್ಟು ಸಾಕ್ಷಿ ಸಾಕು ಎಂದು ಬಡಿಗನನ್ನು ಕರೆಸಿ, ಗೋಡೆ ತೋರಿಸಿ, ಕಂಬ ಕೀಳು ಎಂದ.

ಬಡಿಗ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

"ಮಾಳಿಗೆ ಬಿದ್ದ ದಿನದ ಗೆರೆ ಯಾವುದು?"

"ಬಿದ್ದಿಲ್ಲವಲ್ಲ, ಎಲ್ಲಿಂದ ಎಳೆಯಲಿ?" ಎಂದು ವ್ಯಾಪಾರಿ ಸಿಡುಕಿದ.

ಬಡಿಗ ಕಂಬದ ಬುಡದಲ್ಲಿ ಕೂತು ಅಲ್ಲಿದ್ದ ಚಾಪೆಯನ್ನು ಸರಿಸಿದ. ಕೆಳಗೆ ನೆಲ ಬೆರಳಗಲ ಬಿರಿದಿತ್ತು. ಕಂಬ ಒಂದು ಕಡೆ ಇಳಿಯತೊಡಗಿತ್ತು. ಇದು ಯಾವಾಗಿನದು ಎಂದು ಕೇಳಿದ. ದೀಪಾವಳಿಯಿಂದ ಇದೆ, ನೋಡಲು ಚೆನ್ನಾಗಿಲ್ಲವೆಂದು ಚಾಪೆ ಹಾಕಿದೆ, ಅದರಿಂದ ಯಾರಿಗೂ ನೋವಿಲ್ಲ, ಆದ್ದರಿಂದ ಗೆರೆ ಎಳೆಯಲಿಲ್ಲ ಎಂದ ವ್ಯಾಪಾರಿ. ಈ ವಾರ ಆ ಬಿರುಕನ್ನು ನಾನೇ ಹಾರೆಯಿಂದ ಅಗಲ ಮಾಡಿ, ಮಣ್ಣು ತೆಗೆದು, ಮತ್ತೆ ಮುಚ್ಚಬೇಕೆಂದಿದ್ದೇನೆ ಎಂದೂ ಹೇಳಿದ. ಬಡಿಗ ತಟ್ಟನೆ ಎದ್ದು ನಿಂತ.

"ಹಣೆಗೆ ಬಡಿದರೆ ಹೆಂಡತಿಗೆ ಹೇಳು ಸಾವುಕಾರ. ನೆಲ ಬಿರಿದರೆ ನನಗೆ ಹೇಳು."

ಅವನು ಹಾರೆಯನ್ನು ಮನೆಯಿಂದ ಹೊರಗೆ ಇಡಿಸಿದ. ತೊಲೆಗೆ ತಾತ್ಕಾಲಿಕವಾಗಿ ಬೇರೆ ಆಸರೆ ಕೊಟ್ಟು, ಕಂಬವನ್ನು ಸಡಿಲಿಸಿ, ಬಿರುಕನ್ನು ಹದವಾಗಿ ಗಟ್ಟಿ ಮಾಡಿ, ಬುಡಕ್ಕೆ ಒಂದು ಚಪ್ಪಡಿ ಕಲ್ಲು ಕೊಟ್ಟು ಮತ್ತೆ ನಿಲ್ಲಿಸಿದ. ಹಣೆ ತಾಗುವ ಎತ್ತರಕ್ಕೆ ಹಳೆಯ ಸೀರೆಯ ತುಂಡು ಸುತ್ತಿದ. ಊಟ ಮಾಡಿ ಹೋದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ದಾನಮ್ಮ ಗೆದ್ದಲು ಹೋಯಿತೇ ಎಂದು ಕೇಳಿದಳು. ಹೋಗಲಿಲ್ಲ ಎಂದರು ಅಜ್ಜಾರು. ಎಣ್ಣೆ ಹಚ್ಚುವುದೂ ನಿಲ್ಲಲಿಲ್ಲ. ವ್ಯಾಪಾರಿ ಅದೇ ಪಡಸಾಲೆಯಲ್ಲಿ ಮಗಳ ಮದುವೆ ಮಾಡಿದ, ಮೊಮ್ಮಗನ ತೊಟ್ಟಿಲು ಕಟ್ಟಿದ, ನಡುವೆ ಕಂಬವಿದ್ದದ್ದರಿಂದ ಪಂಕ್ತಿಯಲ್ಲಿ ಇಬ್ಬರಿಗೆ ಜಾಗ ಕಡಿಮೆಯಾಯಿತು.

ದಾನಮ್ಮನಿಗೆ ಕತೆ ಹಿಡಿಸಿತು. ಕಂಬ ಎಂದರೆ ಬಾಟಲಿ, ಅದನ್ನು ಬಿಡಬಾರದು ಎಂದು ಅವಳಿಗೆ ಅರ್ಥವಾಯಿತು. ಅರ್ಥವಾದ ಸಮಾಧಾನದಲ್ಲಿ ಹಾಳೆಗಳನ್ನು ಮಡಚಿ, ಹಂಗಾದ್ರ ಸೋಮವಾರ ಹೋಗಿ ಏರಿಸಿಕೊಂಡು ಬರುತ್ತೇನೆ ಎಂದು ಎದ್ದಳು. ಭಾನುವಾರ ಹೇಗೂ ಪೇಟೆಯಲ್ಲಿ ಹಲ್ಲಿನ ಕೆಲಸವಿದೆ, ಅಲ್ಲೇ ತಂಗಿಯ ಮನೆಯಲ್ಲಿ ಉಳಿದರೆ ಮರುದಿನ ಆಸ್ಪತ್ರೆಗೆ ಅನುಕೂಲ ಎಂದಳು.

ಅಜ್ಜಾರು ಅವಳನ್ನು ನೋಡಿದರು.

"ದಾನವ್ವಾ, ನಿನ್ನ ಪಟ್ಟಿಯೊಳಗ ಹಣಿ ಯಾವ್ದು, ನೆಲ ಯಾವ್ದು?"

ಅವಳ ನಾಲಗೆ ತಾನಾಗಿ ಎಡಗಡೆಯ ಕೆಳಗಿನ ಹಲ್ಲಿನ ಹತ್ತಿರ ಹೋಗಿ ನಿಂತಿತು.

ಗುರುವಾರ ಬೆಳಿಗ್ಗೆ ಮಠದಿಂದ ಆಸ್ಪತ್ರೆಗೆ ಫೋನು ಹೋಯಿತು. ಹಲ್ಲು ಕೀಳಿಸುವುದು ರದ್ದಾಯಿತು. ಡಾಕ್ಟರು ಕಳಿಸಿಕೊಟ್ಟ ಹಲ್ಲಿನ ವೈದ್ಯರು ವಸಡು ಸ್ವಚ್ಛ ಮಾಡಿ, ಕೀಳದೆಯೇ ಬೇರಿಗೆ ಚಿಕಿತ್ಸೆ ಮಾಡಿದರು. ವಸಡು ಪೂರ್ತಿ ಮಾಯಲೆಂದು ಎಂಟನೆಯ ಬಾಟಲಿಯನ್ನು ಏಳು ವಾರ ಮುಂದಕ್ಕೆ ಹಾಕಿದರು. ಆಮೇಲಿಂದ ಮೂರು ತಿಂಗಳಿಗೊಂದು ಬಾಟಲಿ ಏರಿಸುತ್ತಿದ್ದಾರೆ. ಪ್ರತಿ ಸಲ ಒಂದು ದಿನ ಜ್ವರ ಬರುತ್ತದೆ. ಎಲುಬು ಮುರಿದಿಲ್ಲ.