ಕುರ್ಚಿ ಕೊಟ್ಟಳು, ಫೋನು ಕೊಡಲಿಲ್ಲ

ಬನಹಟ್ಟಿಯಲ್ಲಿ ಕಸ್ತೂರಿ ಎಂಬ ಹೆಣ್ಣುಮಗಳು ಒಂದು ಸಣ್ಣ ಕಂಪನಿ ಕಟ್ಟಿದ್ದಳು. ವಿದ್ಯುತ್ ಮಗ್ಗದಲ್ಲಿ ನೂಲಿನ ಎಳೆ ಕಡಿದರೆ ಆ ಕ್ಷಣವೇ ಮಗ್ಗ ನಿಲ್ಲಿಸುವ ಪೆಟ್ಟಿಗೆಯೊಂದನ್ನು ಅವಳೇ ಯೋಚಿಸಿ, ಅವಳೇ ಬೆಸುಗೆ ಹಾಕಿ ಮಾಡಿದ್ದಳು. ನೇಕಾರರು ಮೆಚ್ಚಿದರು. ಮೂರೇ ವರ್ಷದಲ್ಲಿ ಏಳು ಹೆಣ್ಣುಮಕ್ಕಳು ಅವಳಲ್ಲಿ ಕೆಲಸಕ್ಕೆ ಸೇರಿದರು.

ಆಮೇಲೆ ಶುರುವಾಯಿತು ಫೋನಿನ ಕಾಟ. ಪ್ರತಿ ಪೆಟ್ಟಿಗೆಯ ಮೇಲೂ ಅವಳ ನಂಬರು ಅಂಟಿಸಿತ್ತು. ಮಗ್ಗ ನಿಂತರೂ ಅವಳಿಗೇ ಫೋನು, ನಿಲ್ಲದಿದ್ದರೂ ಅವಳಿಗೇ ಫೋನು. ತಂತಿ ಮಾರುವವನ ಫೋನು, ಲಾರಿಯವನ ಫೋನು, ಸನ್ಮಾನ ಮಾಡುತ್ತೇವೆ ಬನ್ನಿ ಎನ್ನುವವರ ಫೋನು. ಈಗಿನದಕ್ಕಿಂತ ಒಳ್ಳೆಯ ಪೆಟ್ಟಿಗೆಯೊಂದು ಅವಳ ತಲೆಯಲ್ಲಿತ್ತು, ಆದರೆ ಬೆಸುಗೆ ಕಡ್ಡಿ ಮುಟ್ಟದೆ ನಾಲ್ಕು ತಿಂಗಳಾಗಿತ್ತು. ತಾಟಿನ ಮುಂದೆ ಕೂತರೆ ತುತ್ತು ಎತ್ತಲೂ ಬೇಸರ.

ಊರಿನಲ್ಲಿ ಕೊಳ್ಳುವವರೆಲ್ಲ ಕೊಂಡಾಗಿತ್ತು. ಪಕ್ಕದ ಊರಿನ ನೇಕಾರರ ಸಂಘಕ್ಕೆ ಇನ್ನೂರು ಮಗ್ಗಗಳಿದ್ದವು. ಅವು ಸಿಕ್ಕರೆ ಏಳು ಜನರಿಗೂ ಕೆಲಸ, ಸಿಗದಿದ್ದರೆ ಇಲ್ಲ. ಇದು ಏಳು ಜನರಿಗೂ ಗೊತ್ತಿತ್ತು.

"ನನಗ ಸಾಕಾಗೇತಿ ಶಾಂತವ್ವಾ," ಎಂದಳು ಕಸ್ತೂರಿ, ಕೆಲಸದವರಲ್ಲಿ ಹಿರಿಯಳಿಗೆ. "ಕಂಪನಿ ನಡೆಸಾಕ ಅನುಭವ ಇದ್ದವರನ್ನ ತರ್ತೀನಿ. ನಾ ಬರೇ ಪೆಟ್ಟಿಗಿ ಮಾಡ್ಕೋತ ಕುಂದರ್ತೀನಿ."

"ತರ್ರಿ ಅಕ್ಕಾರ. ನೀವು ನಕ್ಕದ್ದು ನೋಡಿ ವರ್ಷ ಆತು."

ಪತ್ರಿಕೆಯಲ್ಲಿ ಜಾಹೀರಾತು ಬಂತು: 'ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಬೇಕಾಗಿದ್ದಾರೆ. ಇಪ್ಪತ್ತು ವರ್ಷ ಅನುಭವ ಕಡ್ಡಾಯ.' ನಮ್ಮ ಜಿಲ್ಲೆಗಳಲ್ಲಿ ಈ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಜಿಲ್ಲಾ ಪಂಚಾಯಿತಿಯ ದೊಡ್ಡ ಸಾಹೇಬರು. ಹಾಗಾಗಿ ಬಂದವರಲ್ಲಿ ಹೆಚ್ಚಿನವರು ನಿವೃತ್ತ ಸಾಹೇಬರೇ. ಅವರಲ್ಲಿ ಗುರುಸಿದ್ಧಪ್ಪ ಎಂಬವರು ಮೊದಲು ವಿಚಾರಿಸಿದ್ದು, ಕುರ್ಚಿಯ ಬೆನ್ನಿಗೆ ಬಿಳಿ ಟವೆಲು ಹಾಕಿಸುತ್ತೀರಾ ಎಂದು.

ಕೊನೆಗೆ ಬಂದವರು ಶ್ರೀಶೈಲಪ್ಪ. ನೂಲು ಮಾರುವ ಸಹಕಾರಿ ಸಂಘವೊಂದನ್ನು ಇಪ್ಪತ್ತೆರಡು ವರ್ಷ ನಡೆಸಿದವರು. ಕೂರುವ ಮೊದಲು ಹೆಣ್ಣುಮಕ್ಕಳು ಕೆಲಸ ಮಾಡುವ ಬೆಂಚುಗಳ ಬಳಿ ಹೋಗಿ, ದಿನಕ್ಕೆ ಎಷ್ಟು ಪೆಟ್ಟಿಗೆ ಆಗುತ್ತದೆ, ಎಲ್ಲಿ ತಡವಾಗುತ್ತದೆ ಎಂದು ಶಾಂತವ್ವನನ್ನು ಕೇಳಿಕೊಂಡು ಬಂದರು.

"ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಿ ಕಾಕಾ?"

"ಅದನ್ನ ನೀವ ಹೇಳ್ರಿ. ನಾ ಕೇಳೂದು ಒಂದ. ಪೆಟ್ಟಿಗಿ ಮ್ಯಾಲಿನ ಆ ನಂಬರು. ನಾಳೆಯಿಂದ ಆ ಸಿಮ್ ನನ್ನ ಕಿಸೆದಾಗ ಇರಬೇಕು."

ಕಸ್ತೂರಿಯ ಕೈ ತಾನಾಗಿಯೇ ಫೋನಿನ ಮೇಲೆ ಹೋಯಿತು. "ಅದು ನನ್ನ ನಂಬರ್ರಿ. ಇಡೀ ಊರಿಗೆ ಗೊತ್ತೈತಿ."

"ಅದಕ್ಕ ಕೇಳಾಕತ್ತೀನಿ."

"ನಿಮಗ ಹೊಸಾ ನಂಬರು ಕೊಡಸ್ತೀನಿ."

"ಹೊಸಾದಕ್ಕ ಯಾರ್ ಮಾಡ್ತಾರವ್ವಾ? ಮುಂಜಾನೆ ನಾ ಒಂದು ಹೇಳ್ತೀನಿ. ಅವರು ನಿಮಗ ಫೋನ್ ಹಚ್ಚತಾರ. ನೀವು ಮತ್ತೊಂದು ಹೇಳ್ತೀರಿ. ಮಧ್ಯಾಹ್ನಕ್ಕ ನಾ ಸುಳ್ಳುಗಾರ ಆಗ್ತೀನಿ."

ಅವರ ಮಾತು ಸುಳ್ಳಲ್ಲವೆಂದು ಕಸ್ತೂರಿಗೂ ಅನ್ನಿಸಿತು. ಆದರೆ ಫೋನನ್ನು ಬೈಯುತ್ತ ಬೈಯುತ್ತಲೇ ಅವಳು ಅದರ ರುಚಿ ಹಿಡಿದಿದ್ದಳು. 'ಕಸ್ತೂರಕ್ಕ ಇಲ್ಲಂದ್ರ ನಮ್ಮ ಮಗ್ಗ ನಡೆಯೂದಿಲ್ಲ' ಎನ್ನುವುದನ್ನು ಕೇಳದೆ ಒಂದು ದಿನ ಕಳೆಯುವುದು ಹೇಗೆ?

"ಯೋಚನೆ ಮಾಡಿ ಹೇಳ್ತೀನಿ," ಎಂದಳು.

"ಮಾಡ್ರಿ," ಎನ್ನುತ್ತ ಶ್ರೀಶೈಲಪ್ಪ ಎದ್ದರು. "ಆದ್ರ ನಿಮಗ ಬೇಕಾಗಿದ್ದು ಕಂಪನಿ ನಡೆಸೋ ಮನಷ್ಯಾ ಅಲ್ಲವ್ವಾ. ನಿಮ್ಮ ಬದಲಿಗೆ ಬೈಸಿಕೊಳ್ಳೋ ಮನಷ್ಯಾ."

ಅವರನ್ನು ಅವಳು ಮತ್ತೆ ಕರೆಯಲಿಲ್ಲ. ಗುರುಸಿದ್ಧಪ್ಪನವರನ್ನು ನೇಮಿಸಿದಳು. ಟವೆಲು ಬಂತು. ಬಾಗಿಲಿಗೆ ಹೆಸರಿನ ಫಲಕ ಬಂತು. ಫೋನು ಮಾತ್ರ ಅವಳ ಕೈಯಲ್ಲೇ ಉಳಿಯಿತು. ಸಾಹೇಬರು ಸೋಮವಾರ ಎಂದದ್ದನ್ನು ಅವಳು ಶನಿವಾರ ಎಂದು ತಿದ್ದುತ್ತಿದ್ದಳು. ಸಾಹೇಬರು ಆಗುವುದಿಲ್ಲ ಎಂದದ್ದಕ್ಕೆ ಹ್ಞೂಂ ಎನ್ನುತ್ತಿದ್ದಳು. ದಣಿವು ಮೊದಲಿಗಿಂತ ಹೆಚ್ಚಾಯಿತು.

ಒಂದು ದಿನ ಪಕ್ಕದ ಊರಿನ ಸಂಘದ ಅಧ್ಯಕ್ಷರೇ ಬಂದರು. ಸಾಹೇಬರು ಎಣಿಸಿ ನೋಡಿ, ತಿಂಗಳಿಗೆ ನಲವತ್ತರಂತೆ ಐದು ತಿಂಗಳಲ್ಲಿ ಇನ್ನೂರೂ ಮಗ್ಗಕ್ಕೆ ಪೆಟ್ಟಿಗೆ ಕೂರಿಸುತ್ತೇವೆ ಎಂದರು. ಅದು ಸರಿಯಾದ ಮಾತೇ ಆಗಿತ್ತು. ಆದರೂ ಎಲ್ಲರಂತೆ ಕಸ್ತೂರಿಯನ್ನೂ ಒಮ್ಮೆ ಕೇಳಿಬಿಡೋಣ ಎಂದು ಅಧ್ಯಕ್ಷರಿಗೆ ಅನ್ನಿಸಿತು. ಅಲ್ಲೇ ಕೂತು, ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನು ಹಚ್ಚಿದರು. ಆಚೆ ಕೋಣೆಯಲ್ಲಿದ್ದ ಕಸ್ತೂರಿ ಎತ್ತಿದಳು.

"ಎರಡ ತಿಂಗಳಾಗ ಎಲ್ಲಾ ಕೂಡಸ್ತೀನಿ ಅಣ್ಣಾರ! ನೀವೇನ್ ಚಿಂತಿ ಮಾಡಬ್ಯಾಡ್ರಿ!"

ಆ ಮಾತು ಫೋನಿನಲ್ಲೂ ಕೇಳಿತು, ಗೋಡೆಯಾಚೆಯಿಂದಲೂ ಕೇಳಿತು.

"ಸಾಹೇಬ್ರ ಐದ ತಿಂಗಳು ಅಂತಾರ, ಗ್ವಾಡಿ ಎರಡ ತಿಂಗಳು ಅಂತೈತಿ," ಎಂದರು ಅಧ್ಯಕ್ಷರು. "ನಾ ಯಾರನ್ನ ನಂಬ್ಲಿ?"

"ಮೇಡಂ ಹೇಳಿದ್ಹಂಗ ಆಗ್ಲಿ," ಎಂದರು ಗುರುಸಿದ್ಧಪ್ಪ. ಅವರಿಗೆ ರೂಢಿಯಾಗಿತ್ತು.

ಅಧ್ಯಕ್ಷರು ಶಾಲು ಕೊಡವಿ ಎದ್ದರು. "ನಿಮ್ಮೊಳಗ ಮಾತು ಯಾರದು ನಡಿತೈತಿ ಅನ್ನೂದು ಗೊತ್ತಾದ ಮ್ಯಾಲ ಹೇಳಿ ಕಳಸ್ರಿ." ತಿಂಗಳೊಳಗೆ ಆ ಸಂಘ ಹೊರಗಿನ ಊರಿನಿಂದ ಪೆಟ್ಟಿಗೆ ತರಿಸಿತು.

ಏಳರಲ್ಲಿ ನಾಲ್ಕು ಜನರನ್ನು ಕೆಲಸ ಬಿಡಿಸಬೇಕಾಯಿತು. ಅವರಲ್ಲಿ ಶಾಂತವ್ವನೂ ಒಬ್ಬಳು.

"ಏನ್ ಮಾಡ್ಲಿ ಶಾಂತವ್ವಾ," ಎಂದಳು ಕಸ್ತೂರಿ. "ಅಷ್ಟು ಅನುಭವ ಇದ್ದವರನ್ನ ತಂದೆ. ಅವರ ಕೈಲೆ ಆಗಲಿಲ್ಲ."

ಶಾಂತವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಅವರ ಕೈಯಾಗ ನೀವು ಏನ್ ಕೊಟ್ಟಿದ್ರಿ ಅಕ್ಕಾರ?"

ಶಾಂತವ್ವ ಉತ್ತರಕ್ಕೆ ಕಾಯಲಿಲ್ಲ. ತನ್ನಂತೆಯೇ ಕೆಲಸ ಹೋದ ಮೂವರನ್ನು ಕರೆದುಕೊಂಡು, ಬೇರೆ ಎಲ್ಲಾದರೂ ಕೆಲಸ ಇದೆಯೇ ಎಂದು ಕೇಳಲು ಹೊರಟಳು.

ನೀತಿ: ಭಾರ ಇಳಿಸಿಕೊಳ್ಳಬೇಕು ಎನ್ನುವವರು ಹಿಡಿತವನ್ನೂ ಬಿಡಬೇಕು. ಅಧಿಕಾರ ಕೊಡದೆ ಹುದ್ದೆ ಕೊಡುವುದು ನೇಮಕವಲ್ಲ, ಮೋಸ. 'ನಾನಿಲ್ಲದೆ ನಡೆಯದು' ಎಂಬ ಒಡೆಯರ ಖುಷಿಗೆ ಅನ್ನ ಕಳೆದುಕೊಳ್ಳುವವರು ಒಡೆಯರಲ್ಲ, ಸಾಹೇಬರೂ ಅಲ್ಲ. ಬೆಂಚಿನಲ್ಲಿ ಕೂತು ದುಡಿಯುವವರು.