ವರ್ತಕನ ಕುರ್ಚಿ

ಚೆನ್ನಮಲ್ಲನೆಂಬ ಶಿಷ್ಯ ಒಂದು ಬೆಳಿಗ್ಗೆ ಗುರುಗಳನ್ನು ಕೇಳಿದ: “ಬುದ್ಧಿ, ತಾವು ಎಲ್ಲರಿಗೂ ಒಂದೇ ಮಾತು ಹೇಳುತ್ತೀರಿ. ಉಳಿದವರು ಕೇಳಿ ಹಗುರಾಗಿ ಎದ್ದು ಹೋಗುತ್ತಾರೆ. ನನಗೆ ಮಾತ್ರ ಏನೂ ತಾಗುವುದಿಲ್ಲ. ತಾವು ಸರಳವಾಗಿ ಹೇಳಿ ನೋಡಿದಿರಿ. ಉದಾಹರಣೆ ಕೊಟ್ಟಿರಿ. ಒಬ್ಬನನ್ನೇ ಕೂರಿಸಿಕೊಂಡೂ ಹೇಳಿದಿರಿ. ನನಗೆ ಹಿಡಿಸುವ ಹಾಗೆ ಇನ್ನೊಂದು ರೀತಿಯಲ್ಲಿ ಹೇಳಲಾಗುವುದಿಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಸಂಗೀತವೆಂದರೆ ಅವನಿಗೆ ಪ್ರಾಣ. ಅವನ ಮನೆಯಲ್ಲಿ ಒಂದು ಹಳೆಯ ರೇಡಿಯೊ ಇತ್ತು. ಅವನ ಸೊಸೆ, ಹಾಡು ಕೇಳುವುದಾದರೆ ಸರಿಯಾಗಿ ಕೇಳಬೇಕೆಂದು ಹಟ ಹಿಡಿದು, ಎರಡು ಸ್ಪೀಕರ್‌ಗಳ ಸ್ಟೀರಿಯೊ ಸೆಟ್ಟನ್ನು ಮನೆಗೆ ತರಿಸಿದಳು.

ವರ್ತಕ ಹೇಳಿದ: “ಭಾನುವಾರ ಸಂಜೆ ಕೂತು ಕೇಳ್ತೀನಿ. ನಮ್ಮ ರೇಡಿಯೊದಲ್ಲಿ ಕೇಳದೆ ಇದ್ದದ್ದು ಇದರಲ್ಲಿ ಕೇಳಿದರೆ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ಸೋಮವಾರ ಅಂಗಡಿಗೆ ವಾಪಸ್. ಆಮೇಲೆ ಈ ಮನೆಗೆ ಏನು ತರಬೇಕು, ಏನು ಬೇಡ ಅಂತ ನೀನು ಬಾಯಿ ಹಾಕಬಾರದು.”

ಸೊಸೆ ಒಪ್ಪಿದಳು. ಆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಇರುತ್ತದೆಯೋ ಇಲ್ಲವೋ ಎಂಬುದು ಆ ಒಂದು ಸಂಜೆಯ ಮೇಲೆ ನಿಂತಿತು.

ಸ್ಪೀಕರ್ ಪೆಟ್ಟಿಗೆಗಳು ಬಂದ ದಿನವೇ ಅತ್ತೆ ಎರಡಕ್ಕೂ ಕುಂಕುಮವಿಟ್ಟಳು. ಟಿ.ವಿ.ಯ ಪಕ್ಕದಲ್ಲಿ ಒಂದಕ್ಕೊಂದು ಅಂಟಿಸಿ ಇಟ್ಟಳು. ತಾನೇ ಹೆಣೆದ ಕ್ರೋಶಾ ಬಟ್ಟೆಯನ್ನು ಹೊದಿಸಿದಳು. “ಜೋಡಿಯಾಗಿ ಮನೆಗೆ ಬಂದಿವೆ, ಅಗಲಿಸಬೇಡ” ಎಂದಳು. ಹಾಡು ಹಚ್ಚಿದರೆ, ಮುಸುಕು ಹಾಕಿಕೊಂಡವರು ಒಳಕೋಣೆಯಲ್ಲಿ ಹಾಡಿದಂತಾಯಿತು.

ಸೊಸೆಯ ಗಂಡ ಬಂದು ಅವುಗಳನ್ನು ಬಾಗಿಲ ಮೇಲಿನ ಸಜ್ಜಕ್ಕೆ ಏರಿಸಿದ. “ಮೈಕ್ ಸೆಟ್ಟಿನವರು ಕಂಬದ ತುದಿಗೆ ಕಟ್ಟೋದು ಸುಮ್ಮನೇನಾ?” ಎಂದ. ಹಾಡು ಎಲ್ಲರ ತಲೆಯ ಮೇಲೆ ಹಾದು ಬೀದಿಗೆ ಹೋಯಿತು.

ಸೊಸೆ ಯಾರೊಡನೆಯೂ ವಾದಿಸಲಿಲ್ಲ. ಪೆಟ್ಟಿಗೆಗಳನ್ನು ಕೆಳಗಿಳಿಸಿದಳು. ಬಟ್ಟೆಯನ್ನು ತೆಗೆದು ಮಡಿಸಿಟ್ಟಳು. ಎರಡನ್ನೂ ಅಗಲವಾಗಿ, ಗೋಡೆಯಿಂದ ಮುಂದಕ್ಕೆ, ಕುಳಿತವರ ಕಿವಿಯ ಎತ್ತರಕ್ಕೆ ನಿಲ್ಲಿಸಿದಳು. ಕೇಳುವವರ ಕಡೆಗೆ ಸ್ವಲ್ಪ ತಿರುಗಿಸಿದಳು. ಎರಡಕ್ಕೂ ಸಮದೂರದಲ್ಲಿ, ಹಾಲಿನ ನಡುವೆ ಸ್ಟೂಲು ಹಾಕಿಕೊಂಡು ಕುಳಿತಳು. ಕೇಳಿದಳು. ಎದ್ದು ಒಂದು ಪೆಟ್ಟಿಗೆಯನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ಕುಳಿತಳು. ಪಿಟೀಲು ಎಡಕ್ಕೆ ಹೋಯಿತು. ಮೃದಂಗ ಬಲಕ್ಕೆ ಹೋಯಿತು. ಹಾಡುವವರು ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ ಬಂದು ಕುಳಿತರು. ಸೊಸೆ ಕೈಯೊರೆಸಿಕೊಂಡು ಭಾನುವಾರಕ್ಕೆ ಕಾದಳು.

ಭಾನುವಾರ ಸಂಜೆ ವರ್ತಕ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ಕುರ್ಚಿ ಕಿಟಕಿಯ ಮೂಲೆಯಲ್ಲಿತ್ತು. ಅಲ್ಲಿಂದ ಬೀದಿ ಕಾಣುತ್ತಿತ್ತು, ಎದುರಿಗಿದ್ದ ಅವನ ಅಂಗಡಿಯ ಬಾಗಿಲೂ ಕಾಣುತ್ತಿತ್ತು. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ನೆಲ ಒರೆಸುವವರು ಕೂಡ ಅದರ ಸುತ್ತ ಒರೆಸುತ್ತಿದ್ದರೇ ಹೊರತು ಅದನ್ನು ಸರಿಸುತ್ತಿರಲಿಲ್ಲ. ಬಲಗಡೆಯ ಪೆಟ್ಟಿಗೆ ಅದರ ಮಗ್ಗುಲಿಗೇ ಇತ್ತು.

ಹಾಡು ಶುರುವಾಯಿತು. ವರ್ತಕ ಸ್ವಲ್ಪ ಹೊತ್ತು ಕೇಳಿ, “ಏನಮ್ಮ, ಮೃದಂಗದವನೊಬ್ಬನೇ ಬಂದ ಹಾಗಿದೆ. ಹಾಡೋರಿಗೆ ಬಸ್ಸು ಸಿಗಲಿಲ್ವಾ?” ಎಂದ. ಎಲ್ಲರೂ ನಕ್ಕರು.

ಗಂಡ ಎದ್ದು, “ಅಪ್ಪನ ಕುರ್ಚಿಯ ಆಚೆ ಒಂದು, ಈಚೆ ಒಂದು ಇಟ್ಟುಬಿಡೋಣ” ಎಂದ. ಆಚೆ ಕಿಟಕಿ ಇತ್ತು, ಜಾಗವಿರಲಿಲ್ಲ. ಶಬ್ದ ಹೆಚ್ಚಿಸಿದ. ವರ್ತಕ ಕಿವಿ ಮುಚ್ಚಿಕೊಂಡು, “ಸಾಕು. ನಾಳೆ ಕಟ್ಟಿ ಕಳಿಸಿ” ಎಂದ.

ಆಗ ಸೊಸೆ ಅವನ ಎದುರಿಗೆ ಬಂದು ನಿಂತಳು. “ಮಾವ, ಏಳಬೇಕು. ನಿಮ್ಮ ಕುರ್ಚಿ ಹಾಲಿನ ನಡುವೆ ಬರಬೇಕು.”

“ಅಯ್ಯೋ, ಯಜಮಾನರನ್ನೇ ಎಬ್ಬಿಸ್ತಾಳಲ್ಲ!” ಎಂದಳು ಅತ್ತೆ.

“ಪೆಟ್ಟಿಗೆ ತಂದವಳು ನೀನು. ಸರಿಸೋದಿದ್ದರೆ ಅದನ್ನ ಸರಿಸು” ಎಂದ ವರ್ತಕ. “ನಾನ್ಯಾಕೆ ಸರೀಬೇಕು?”

“ಎಲ್ಲಿಟ್ಟರೂ ಪೆಟ್ಟಿಗೆ ಹಾಡ್ತದೆ, ಮಾವ. ಕೇಳಬೇಕಾದವರು ನೀವು. ಕೂತು ಕೇಳ್ತೀನಿ ಅಂತ ಮಾತು ಕೊಟ್ಟಿದ್ದೀರಿ. ಇನ್ನೂ ನೀವು ಕೇಳಿಲ್ಲ.”

ವರ್ತಕ ವ್ಯಾಪಾರದಲ್ಲಿ ಎಂದೂ ಮಾತು ತಪ್ಪಿದವನಲ್ಲ. ಕಿಟಕಿಯ ಕಡೆ ಒಮ್ಮೆ ನೋಡಿದ. ಮೆಲ್ಲನೆ ಎದ್ದ. ಸೊಸೆ ಯಾರ ಸಹಾಯಕ್ಕೂ ಕಾಯದೆ ಕುರ್ಚಿಯನ್ನು ಎತ್ತಿ ತಂದು ಹಾಲಿನ ನಡುವೆ ಇಟ್ಟಳು. ಅವನು ಮುಖ ಬಿಗಿದುಕೊಂಡೇ ಕುಳಿತ. ಅವಳು ಹಾಡನ್ನು ಮೊದಲಿಂದ ಹಚ್ಚಿದಳು.

ವರ್ತಕನ ಬೆನ್ನು ಕುರ್ಚಿಯನ್ನು ಬಿಟ್ಟಿತು. ಅವನು ಎರಡು ಪೆಟ್ಟಿಗೆಗಳ ನಡುವಿನ ಬರಿಯ ಗೋಡೆಯನ್ನೇ ನೋಡಿದ. ಎಡಕ್ಕೆ ತಿರುಗಿದರೆ ಪಿಟೀಲು, ಬಲಕ್ಕೆ ತಿರುಗಿದರೆ ಮೃದಂಗ. ನಡುವೆ ಹಾಡುವವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು.

“ಇಲ್ಲಿ ಕೂತಿದ್ದಾರೆ ಕಣೇ!” ಎಂದು ಅವನು ಕೂಗಿದ. “ಇಲ್ಲೇ, ನನ್ನ ಎದುರಿಗೇ ಕೂತಿದ್ದಾರೆ!”

ಅವನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು. ಹಾಡು ಮುಗಿದ ಮೇಲೆ ಅವನು ಎದ್ದು, ಹೆಂಡತಿಯ ಕೈ ಹಿಡಿದು ತಂದು ಅದೇ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಮಗನನ್ನು ಕೂರಿಸಿದ. ಅಷ್ಟೂ ಸಾಲದೆ ಬಾಗಿಲಿಗೆ ಹೋಗಿ, ಬೀದಿಯಲ್ಲಿ ಹೋಗುತ್ತಿದ್ದವರನ್ನು ಕೈ ಬೀಸಿ ಕರೆದ: “ಬನ್ರಪ್ಪಾ, ಒಳಗೆ ಬನ್ನಿ! ನಮ್ಮ ಸೊಸೆ ಮನೆಯಲ್ಲಿ ಕಚೇರಿ ಇಟ್ಟಿದ್ದಾಳೆ!”

ಜನ ಬಂದರು. ಹಾಲ್ ತುಂಬಿತು. ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕುಳಿತು ಕೇಳಿ, ಒಬ್ಬೊಬ್ಬರಾಗಿ ತಲೆದೂಗಿದರು. ಸೊಸೆ ತಲೆಯೆತ್ತಿ ಪೆಟ್ಟಿಗೆಗಳ ಪಕ್ಕದಲ್ಲಿ ನಿಂತಿದ್ದಳು. ಸೋಮವಾರ ಆ ಮನೆಯಿಂದ ಏನೂ ವಾಪಸ್ ಹೋಗಲಿಲ್ಲ. ಅಂದಿನಿಂದ ಮನೆಗೆ ಏನೇ ತರುವುದಿದ್ದರೂ ವರ್ತಕ ಮೊದಲು ಸೊಸೆಯನ್ನು ಕೇಳುತ್ತಿದ್ದ.

ಕತೆ ಮುಗಿಯಿತು. ಚೆನ್ನಮಲ್ಲನಿಗೆ ಸಂತೋಷವಾಯಿತು. “ಸೊಸೆ ಜಾಣೆ, ಬುದ್ಧಿ. ಪೆಟ್ಟಿಗೆಗಳನ್ನು ಎಲ್ಲಿಡಬೇಕೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು” ಎಂದ.

ಗುರುಗಳು ಹೇಳಿದರು: “ಪೆಟ್ಟಿಗೆಗಳನ್ನು ನಾನೂ ಎಷ್ಟು ಸಲವಾದರೂ ಸರಿಸಿಯೇನು, ಚೆನ್ನಮಲ್ಲ, ನೀನು ಏಳುತ್ತೀಯಾ?”